ಹಿಮಾಲಯದ ಗುಚ್ಛಿ: ವಸಂತ ಋತುವಿನ ವನ್ಯ ಸಂಪತ್ತು

ಮಾರ್ಚ್ ತಿಂಗಳ ವೇಳೆಗೆ ಹಿಮಾಲಯದ ಇಳಿಜಾರುಗಳಲ್ಲಿ ಹಿಮ ಕರಗತೊಡಗುತ್ತದೆ. ಆಗ ದೇವದಾರು, ಪೈನ್ ಹಾಗೂ ಫರ್ ಮರಗಳ ನೆರಳಿನಲ್ಲಿ, ಒದ್ದೆಯಾದ ತರಗೆಲೆಗಳ ನಡುವಿನಿಂದ, ಜೇನುಹುಟ್ಟನ್ನು ಹೋಲುವ ಅಣಬೆಯೊಂದು ತಲೆಯೆತ್ತುತ್ತದೆ. ಉತ್ತರ ಭಾರತದಲ್ಲಿ ಗುಚ್ಛಿ ಎಂದು ಪ್ರಸಿದ್ಧವಾದ ಅಣಬೆ ಇದೇ. ಜಮ್ಮು ಮತ್ತು ಕಾಶ್ಮೀರ, ಹಿಮಾಚಲ ಪ್ರದೇಶ ಹಾಗೂ ಉತ್ತರಾಖಂಡದ ಅನೇಕ ಗುಡ್ಡಗಾಡು ಕುಟುಂಬಗಳಿಗೆ, ಹೊಲಗಳಲ್ಲಿ ಪೈರು ಇನ್ನೂ ಕೈಗೆ ಬಾರದ ಈ ದಿನಗಳಲ್ಲಿ, ನಗದು ಹಣ ತಂದುಕೊಡುವ ಮುಖ್ಯ ಮೂಲಗಳಲ್ಲಿ ಇದೂ ಒಂದಾಗಿದೆ. ದೆಹಲಿ, ಮುಂಬಯಿಯಂತಹ ನಗರಗಳ ಪೇಟೆಯಲ್ಲಿ ಒಣ ಗುಚ್ಛಿಯ ಬೆಲೆ ಕಿಲೋಗ್ರಾಂ ಒಂದಕ್ಕೆ 10,000 ರೂಪಾಯಿಗಳನ್ನು ಮೀರುವುದುಂಟು. ಇಷ್ಟು ಬೆಲೆಬಾಳುವ ಈ ವಸ್ತು ಎಲ್ಲಿಂದ ಬರುತ್ತದೆ, ಅದರ ಉಳಿವು ಯಾವುದನ್ನು ಅವಲಂಬಿಸಿದೆ ಎಂಬುದನ್ನು ಬಳಕೆದಾರರು ತಿಳಿದಿರುವುದು ಒಳಿತು.

ಗುಚ್ಛಿಯ ಸ್ವರೂಪ

ವಿಜ್ಞಾನಿಗಳು ಗುಚ್ಛಿಯನ್ನು ಮಾರ್ಕೆಲ್ಲಾ ಎಂಬ ಶಿಲೀಂಧ್ರ ಕುಲಕ್ಕೆ ಸೇರಿಸುತ್ತಾರೆ. ಸಾಮಾನ್ಯ ಅಣಬೆಗಳಿಗೆ ಇರುವಂತೆ ಇದಕ್ಕೆ ಕೊಡೆಯಾಗಲಿ, ಕೊಡೆಯ ಕೆಳಗಿನ ಪದರಗಳಾಗಲಿ ಇಲ್ಲ. ಇದರ ಬೀಜಾಣುಗಳು ತಲೆಯ ಮೇಲಿನ ಗುಳಿಗಳಲ್ಲಿ, ಕಣ್ಣಿಗೆ ಕಾಣದ ಸಣ್ಣ ಚೀಲಗಳೊಳಗೆ ಬೆಳೆಯುತ್ತವೆ. ಉದ್ದಕ್ಕೆ ಸೀಳಿದರೆ ತುದಿಯಿಂದ ಬುಡದವರೆಗೆ ಒಳಭಾಗ ಟೊಳ್ಳಾಗಿರುತ್ತದೆ. ಗುಚ್ಛಿಯನ್ನು ಗುರುತಿಸಲು ಇದು ಮುಖ್ಯ ಲಕ್ಷಣ.

ನಮ್ಮ ಕಣ್ಣಿಗೆ ಬೀಳುವ ಅಣಬೆಯು ಈ ಜೀವಿಯ ಫಲ ಮಾತ್ರ. ಅದರ ನಿಜವಾದ ಶರೀರವು ಬಿಳಿಯ ಎಳೆಗಳ ಜಾಲವಾಗಿ ಮಣ್ಣಿನೊಳಗೆ ಹರಡಿಕೊಂಡಿರುತ್ತದೆ. ಪ್ರತಿಕೂಲ ಕಾಲದಲ್ಲಿ ಈ ಎಳೆಗಳು ಒತ್ತಾಗಿ ಹೆಣೆದು ಗಟ್ಟಿಯಾದ ಗಂಟುಗಳಾಗುತ್ತವೆ. ಮಣ್ಣಿನ ತೇವ, ಹಗಲಿನ ಬಿಸಿಲು, ರಾತ್ರಿಯ ತಂಪು ಇವೆಲ್ಲ ಹದವಾಗಿ ಕೂಡಿಬಂದಾಗ ಮಾತ್ರ ಅಣಬೆ ಮೇಲೇಳುತ್ತದೆ. ಒಂದು ವರ್ಷ ಹೇರಳವಾಗಿ ದೊರೆತ ಸ್ಥಳದಲ್ಲಿ ಮರುವರ್ಷ ಒಂದೂ ಕಾಣದಿರುವುದಕ್ಕೆ ಇದೇ ಕಾರಣ.

ಗುಡುಗು ಸಿಡಿಲುಗಳಿಂದ ಗುಚ್ಛಿ ಹುಟ್ಟುತ್ತದೆ ಎಂಬ ನಂಬಿಕೆ ಪಹಾಡಿ ಜನರಲ್ಲಿದೆ. ಮೊದಲ ಮಳೆಯ ಗುಡುಗಿಗೆ ಅಣಬೆ ಏಳುತ್ತದೆಂಬ ಮಲೆನಾಡಿನ ನಂಬಿಕೆಯನ್ನು ಇದು ನೆನಪಿಗೆ ತರುತ್ತದೆ. ಗುಡುಗಿನೊಡನೆ ಬರುವ ಮಳೆಯು ನೆಲಕ್ಕೆ ತೇವ ತರುವುದೆಂಬುದಂತೂ ನಿಜ.

ಸಂಗ್ರಹಣೆಯ ಶ್ರಮ

ಗುಚ್ಛಿಯ ಕಾಲ ಮಾರ್ಚ್‌ನಿಂದ ಮೇ ತಿಂಗಳವರೆಗೆ. ಹಿಮ ಕರಗಿದಂತೆಲ್ಲ ಸಂಗ್ರಹಕಾರರು ಕೆಳಗಿನ ಕಾಡುಗಳಿಂದ ಎತ್ತರದ ಕಾಡುಗಳಿಗೆ ಏರುತ್ತಾರೆ. ಹೆಂಗಸರು, ಮಕ್ಕಳಾದಿಯಾಗಿ ಮನೆಮಂದಿಯೆಲ್ಲ ಈ ಕೆಲಸದಲ್ಲಿ ತೊಡಗುವುದುಂಟು. ಒಣ ಎಲೆಯ ಬಣ್ಣದಲ್ಲಿಯೇ ಬೆರೆತುಹೋಗುವ ಅಣಬೆಯನ್ನು ಕಂಡುಹಿಡಿಯಲು ಪಳಗಿದ ಕಣ್ಣು ಬೇಕು. ಗುಚ್ಛಿ ಏಳುವ ಜಾಗವನ್ನು ಮನೆಯವರು ಹೊರಗಿನವರಿಗೆ ಸುಲಭವಾಗಿ ತಿಳಿಸುವುದಿಲ್ಲ.

ಹಸಿ ಗುಚ್ಛಿಯಲ್ಲಿ ನೀರಿನ ಅಂಶವೇ ಹೆಚ್ಚು. ಸುಮಾರು ಹತ್ತು ಕಿಲೋಗ್ರಾಂ ಹಸಿ ಅಣಬೆ ಒಣಗಿದಾಗ ಉಳಿಯುವುದು ಒಂದು ಕಿಲೋಗ್ರಾಂ ಮಾತ್ರ. ಅಣಬೆಗಳನ್ನು ದಾರಕ್ಕೆ ಪೋಣಿಸಿ, ಬಿಸಿಲಿನಲ್ಲಿ ಅಥವಾ ಒಲೆಯ ಮೇಲ್ಗಡೆ ತೂಗುಹಾಕಿ ಒಣಗಿಸುವ ರೂಢಿಯಿದೆ.

ಬೇಸಾಯದ ಪ್ರಯತ್ನ

ಬಟನ್ ಅಣಬೆ, ಚಿಪ್ಪಣಬೆಗಳಂತೆ ಗುಚ್ಛಿಯನ್ನು ಸುಲಭವಾಗಿ ಬೆಳೆಯಲಾಗದು. ನಿಯಂತ್ರಿತ ವಾತಾವರಣದಲ್ಲಿ ಇದನ್ನು ಬೆಳೆಸುವ ಯಶಸ್ವಿ ವಿಧಾನವು 1982ರಲ್ಲಿ ಅಮೆರಿಕದಿಂದ ವರದಿಯಾಯಿತು. ನಂತರದ ವರ್ಷಗಳಲ್ಲಿ ಚೀನಾದಲ್ಲಿ ಹೊಲಗಳಲ್ಲಿಯೇ ಇದರ ಬೇಸಾಯ ವ್ಯಾಪಕವಾಗಿ ಹಬ್ಬಿತು. ಹಿಮಾಚಲ ಪ್ರದೇಶದ ಸೋಲನ್‌ನಲ್ಲಿರುವ ಅಣಬೆ ಸಂಶೋಧನಾ ನಿರ್ದೇಶನಾಲಯವು ಗುಚ್ಛಿ ಬೆಳೆಸುವುದರಲ್ಲಿ ಯಶಸ್ಸು ದೊರೆತಿರುವುದಾಗಿ 2021ರಲ್ಲಿ ಪ್ರಕಟಿಸಿತು. ಆದರೂ ಭಾರತದ ಗುಚ್ಛಿಗೆ ಕಾಡೇ ಪ್ರಧಾನ ಆಧಾರವಾಗಿ ಉಳಿದಿದೆ.

ಕಾಡಿನ ಹಿತ, ಜನರ ಹಿತ

ಅಣಬೆ ಕೀಳುವುದರಿಂದಲೇ ಅದರ ಸಂತತಿ ನಾಶವಾಗುತ್ತದೆಯೇ? ಸ್ವಿಟ್ಜರ್ಲೆಂಡಿನಲ್ಲಿ 1975ರಿಂದ 2003ರವರೆಗೆ ಕಾಡಿನ ಅನೇಕ ಬಗೆಯ ಅಣಬೆಗಳ ಮೇಲೆ ನಡೆದ ದೀರ್ಘ ಅಧ್ಯಯನದಲ್ಲಿ, ಕಿತ್ತ ಕಾರಣಕ್ಕೆ ಮುಂದಿನ ಫಸಲು ಕುಗ್ಗಲಿಲ್ಲವೆಂದೂ, ನೆಲವನ್ನು ತುಳಿದದ್ದರಿಂದ ಅಣಬೆಗಳ ಸಂಖ್ಯೆ ಕಡಿಮೆಯಾಯಿತೆಂದೂ ಕಂಡುಬಂದಿತು. ಆದ್ದರಿಂದ ತರಗೆಲೆಗಳನ್ನು ಕೆದರದೆ, ಮಣ್ಣನ್ನು ಅಗೆಯದೆ, ಬಲಿತ ಅಣಬೆಯ ಕಾಂಡವನ್ನು ಮಾತ್ರ ಕತ್ತರಿಸಿಕೊಳ್ಳುವುದು ಲೇಸು. ಸುಟ್ಟ ನೆಲದಲ್ಲಿ ಗುಚ್ಛಿ ಹೆಚ್ಚಾಗಿ ಏಳುತ್ತದೆಂದು ನಂಬಿ ಕಾಡಿಗೆ ಬೆಂಕಿಯಿಡುವುದು ಅಪರಾಧವೂ ಹೌದು, ಅವಿವೇಕವೂ ಹೌದು. ಒಂದು ವರ್ಷದ ಫಸಲಿನ ಆಸೆಗೆ ಎಳೆಯ ಸಸಿಗಳೂ ಮಣ್ಣಿನ ಸಾರವೂ ಬಲಿಯಾಗುತ್ತವೆ.

ಕಾಡಿನ ರಕ್ಷಣೆ ಮತ್ತು ಜನರ ಜೀವನೋಪಾಯ ಇವೆರಡನ್ನೂ ಹೊಂದಿಸುವುದು ಸುಲಭವಲ್ಲ. ಕುಲ್ಲು ಜಿಲ್ಲೆಯ ಗ್ರೇಟ್ ಹಿಮಾಲಯನ್ ರಾಷ್ಟ್ರೀಯ ಉದ್ಯಾನದ ಕಾಡುಗಳಲ್ಲಿ ಸುತ್ತಲಿನ ಗ್ರಾಮಸ್ಥರು ತಲೆಮಾರುಗಳಿಂದ ಗುಚ್ಛಿ ಹಾಗೂ ಔಷಧಿ ಬೇರುಗಳನ್ನು ಸಂಗ್ರಹಿಸುತ್ತಿದ್ದರು. 1999ರಲ್ಲಿ ಅಂತಿಮ ಅಧಿಸೂಚನೆ ಹೊರಬಿದ್ದಾಗ ಉದ್ಯಾನದೊಳಗಿನ ಈ ಸಂಗ್ರಹಣೆಗೆ ತಡೆಯುಂಟಾಯಿತು. ಆದಾಯ ಕಳೆದುಕೊಂಡ ಕುಟುಂಬಗಳ ಅಸಮಾಧಾನ ಸಹಜವಾದದ್ದೇ. ಮಹಿಳೆಯರ ಉಳಿತಾಯ ಗುಂಪುಗಳು, ಎರೆಗೊಬ್ಬರ ತಯಾರಿಕೆ ಮುಂತಾದ ಬದಲಿ ಮಾರ್ಗಗಳನ್ನು ಅಲ್ಲಿ ಅನುಸರಿಸಲಾಯಿತು. 2014ರಲ್ಲಿ ಈ ಉದ್ಯಾನವು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಕಾಡನ್ನು ಬಲ್ಲವರಿಗೆ ಅನ್ನದ ದಾರಿ ಉಳಿದರೆ ಮಾತ್ರ ಕಾಡನ್ನು ಕಾಯುವವರೂ ಉಳಿಯುತ್ತಾರೆ ಎಂಬುದನ್ನು ಈ ಅನುಭವ ಮನಗಾಣಿಸುತ್ತದೆ.

ಬಳಕೆಯಲ್ಲಿ ಎಚ್ಚರ

ಗುಚ್ಛಿಯನ್ನು ಎಂದಿಗೂ ಹಸಿಯಾಗಿ ತಿನ್ನಬಾರದು. ಅಮೆರಿಕದ ಮಾಂಟಾನಾ ರಾಜ್ಯದ ಒಂದು ಉಪಾಹಾರ ಗೃಹದಲ್ಲಿ 2023ರ ವಸಂತದಲ್ಲಿ ಈ ಜಾತಿಯ ಅಣಬೆಯನ್ನು ಹಸಿಯಾಗಿ ಅಥವಾ ಅರೆಬೆಂದ ಸ್ಥಿತಿಯಲ್ಲಿ ಬಡಿಸಿದ ಪ್ರಕರಣದಲ್ಲಿ 51 ಮಂದಿ ಅಸ್ವಸ್ಥರಾಗಿ ಇಬ್ಬರು ಮೃತಪಟ್ಟರು. ಅದು ಬೇಸಾಯದಿಂದ ಬಂದ ಅಣಬೆಯೇ ಆಗಿತ್ತು. ಒಣ ಗುಚ್ಛಿಯನ್ನು ಬಿಸಿನೀರಿನಲ್ಲಿ ನೆನೆಸಿ, ಗುಳಿಗಳಲ್ಲಿ ಸೇರಿದ ಮರಳು ಹೋಗುವಂತೆ ತೊಳೆದು, ಚೆನ್ನಾಗಿ ಬೇಯಿಸಿಯೇ ಬಳಸಬೇಕು.

ಗುಚ್ಛಿಯಂತೆ ತೋರುವ ಗೈರೊಮಿಟ್ರಾ ಎಂಬ ವಿಷದ ಅಣಬೆಯೂ ಇದೆ. ಅದರ ತಲೆಯಲ್ಲಿ ಜೇನುಹುಟ್ಟಿನ ಗುಳಿಗಳಿರದೆ ಮೆದುಳಿನಂತಹ ಸುಕ್ಕುಗಳಿರುತ್ತವೆ. ಒಳಭಾಗವೂ ಒಂದೇ ಟೊಳ್ಳಾಗಿರುವುದಿಲ್ಲ. ಅದರ ವಿಷವು ಪಿತ್ತಜನಕಾಂಗ ಮತ್ತು ನರಮಂಡಲಕ್ಕೆ ಹಾನಿಯುಂಟುಮಾಡುತ್ತದೆ. ಬೇಯಿಸಿದರೂ ವಿಷ ಪೂರ್ಣವಾಗಿ ನಿವಾರಣೆಯಾಗುವ ಭರವಸೆಯಿಲ್ಲ. ಆದುದರಿಂದ ಪ್ರವಾಸಕ್ಕೆ ಹೋದವರು ಅನುಭವಿಗಳ ನೆರವಿಲ್ಲದೆ ಕಾಡಿನ ಅಣಬೆಯನ್ನು ಕಿತ್ತು ತಿನ್ನುವ ಸಾಹಸ ಮಾಡಕೂಡದು. ಅಣಬೆ ತಿಂದ ಬಳಿಕ ವಾಂತಿ, ಹೊಟ್ಟೆನೋವು ಕಾಣಿಸಿಕೊಂಡರೆ ಉಳಿದ ಅಣಬೆಯ ಚೂರನ್ನು ಜೊತೆಗೆ ಕೊಂಡು ಕೂಡಲೇ ವೈದ್ಯರಲ್ಲಿಗೆ ಹೋಗಬೇಕು.

ಪೇಟೆಯಲ್ಲಿ ಹಿಡಿಯಷ್ಟು ಗುಚ್ಛಿಗೆ ತೆರುವ ಬೆಲೆಯ ಹಿಂದೆ ಕಡಿದಾದ ಬೆಟ್ಟವನ್ನೇರಿದ ಕುಟುಂಬವೊಂದರ ಹಲವು ದಿನಗಳ ದುಡಿಮೆಯಿದೆ. ಆ ದುಡಿಮೆ ಮುಂದಿನ ವಸಂತದಲ್ಲಿಯೂ ಫಲಿಸಬೇಕಾದರೆ ಕಾಡಿನ ನೆಲ ಬೆಂಕಿಗೆ ಸಿಕ್ಕದೆ, ತುಳಿತಕ್ಕೆ ಸಿಕ್ಕದೆ ಉಳಿಯುವುದು ಅತ್ಯವಶ್ಯ.