ಬೇಸಗೆಯ ಗಾಳಿಯೂ ಕಾರಿನ ಕಿಡಿಯೂ

ಕಳೆದ ಏಪ್ರಿಲ್ ತಿಂಗಳಲ್ಲಿ ನಮ್ಮ ಪೂರ್ವವಿದ್ಯಾರ್ಥಿನಿಯೊಬ್ಬಳು ನನಗೆ ಕಾಗದ ಬರೆದಿದ್ದಳು. ಅವಳು ತಾನೇ ಕಾರು ನಡೆಸುವವಳು. ಬೆಳಗ್ಗೆ ಕನಕಪುರದಿಂದ ರಾಮನಗರದವರೆಗೆ ಸುಗಮವಾಗಿ ಬಂದ ಆ ಹಳೆಯ ಪೆಟ್ರೋಲ್ ಕಾರು, ಮಧ್ಯಾಹ್ನ ಮಾಗಡಿಯ ದಾರಿಯಲ್ಲಿ ಏರು ಹತ್ತುವಾಗ ಬಲಗುಂದಿತಂತೆ. ಯಂತ್ರದೊಳಗೆ ಮೊಳೆ ಬಡಿದಂತೆ ಶಬ್ದವೂ ಕೇಳಿಸಿತಂತೆ. ದುರಸ್ತಿಯವನು ಯಂತ್ರವನ್ನು ಪೂರ್ತಿ ಬಿಚ್ಚಬೇಕೆಂದನು. ಮಗಳ ಕಾಲೇಜಿನ ಶುಲ್ಕಕ್ಕೆಂದು ಇಟ್ಟ ಹಣವನ್ನು ಇದಕ್ಕೆ ಕೊಡಲೇ ಎಂಬುದು ಅವಳ ಪ್ರಶ್ನೆ.

ಬಿಸಿಯಾದ ಗಾಳಿ ಹಿಗ್ಗಿ ತೆಳುವಾಗುವುದೆಂಬುದನ್ನು ನೀವೆಲ್ಲರೂ ನಮ್ಮಲ್ಲಿ ಓದಿದವರೇ. ೨೦ ಡಿಗ್ರಿ ಸೆಂಟಿಗ್ರೇಡಿನ ಗಾಳಿಗಿಂತ ೪೦ ಡಿಗ್ರಿಯ ಗಾಳಿಯು, ಒತ್ತಡವೊಂದೇ ಆಗಿರುವಾಗ, ಅಷ್ಟೇ ಜಾಗದಲ್ಲಿ ಸುಮಾರು ನೂರಕ್ಕೆ ೬ ಪಾಲು ಕಡಿಮೆ ತೂಗುವುದು. ಆಮ್ಲಜನಕವು ಅಷ್ಟು ಕಡಿಮೆಯಾದುದರಿಂದ ಉರಿಯುವ ಪೆಟ್ರೋಲೂ ಕಡಿಮೆ, ಬಲವೂ ಕಡಿಮೆ. ಡೀಸೆಲ್ ವಾಹನಗಳಲ್ಲಿ ಕಿಡಿಯಿಲ್ಲವಾದರೂ ಈ ನಷ್ಟವುಂಟು.

ಕಿಡಿಯ ವಿಷಯವನ್ನು ಕೊಂಚ ನಿಧಾನವಾಗಿ ಹೇಳಬೇಕು. ಪಿಸ್ಟನ್ನು ಮೇಲೇರುತ್ತ ಗಾಳಿ ಪೆಟ್ರೋಲುಗಳ ಮಿಶ್ರಣವನ್ನು ಅದುಮುವುದು. ಜ್ವಾಲೆ ಹರಡಲು ಕಾಲ ಬೇಕಾದುದರಿಂದ, ಪಿಸ್ಟನ್ನು ತುದಿ ಮುಟ್ಟುವ ಮುಂಚೆಯೇ ಕಿಡಿ ಹಾರಬೇಕು. ನಿಮಿಷಕ್ಕೆ ೩೦೦೦ ಸುತ್ತು ತಿರುಗುವ ಯಂತ್ರದಲ್ಲಿ ೩೦ ಡಿಗ್ರಿ ಮುಂಚೆಯೆಂದರೆ ಒಂದು ಸೆಕೆಂಡಿನ ೬೦೦ರಲ್ಲಿ ಒಂದು ಪಾಲು ಮಾತ್ರ! ಒಳಬರುವ ಗಾಳಿಯೇ ಬಿಸಿಯಾಗಿದ್ದರೆ, ಅದುಮಿದಾಗ ಮತ್ತಷ್ಟು ಕಾದು, ಜ್ವಾಲೆ ತಲಪುವುದಕ್ಕೆ ಮೊದಲೇ ಅಂಚಿನ ಮಿಶ್ರಣವು ತಾನಾಗಿ ಸಿಡಿಯುವುದು. ಅವಳು ಕೇಳಿದ ಬಡಿತ ಅದೇ. ಬಹುಕಾಲ ಹಾಗೆಯೇ ನಡೆಸಿದರೆ ಪಿಸ್ಟನ್ನು ಕೆಟ್ಟೀತು.

ಹಿಂದೆ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಚಾಲಕನೇ ಚಕ್ರದ ಕೆಳಗಿನ ಹಿಡಿಯಿಂದ ಕಿಡಿಯನ್ನು ಹಿಂದುಮುಂದು ಮಾಡುತ್ತಿದ್ದನು. ನಮ್ಮ ಬಿಡದಿಯ ಕಾರ್ಖಾನೆಯಲ್ಲಿ ೧೯೯೯ರಿಂದ ಕಾರುಗಳು ತಯಾರಾಗುತ್ತಿವೆಯಷ್ಟೆ. ಈಗಿನ ಅಂಥ ಪೆಟ್ರೋಲ್ ಕಾರುಗಳಲ್ಲಿ ಗಾಳಿಯ ಶಾಖವನ್ನು ಒಂದು ಸಣ್ಣ ಸೆನ್ಸರು ಅಳೆದು ಕಂಪ್ಯೂಟರಿಗೆ ತಿಳಿಸುವುದು. ರೇಷ್ಮೆಹುಳುವಿನ ಮನೆಯಲ್ಲಿ ಥರ್ಮಾಮೀಟರು ನೋಡಿ ಕಿಟಕಿ ತೆರೆಯುವ ಚನ್ನಪಟ್ಟಣದ ತಾಯಂದಿರಿಗೆ ಇದು ವಿಚಿತ್ರವೆನಿಸದು. ಗಾಳಿ ಬಿಸಿಯಾದರೆ ಕಿಡಿ ಕೊಂಚ ತಡವಾಗುವುದು. ಬಡಿತ ತಪ್ಪುವುದು, ಆದರೆ ಬಲ ಇನ್ನಷ್ಟು ಕುಗ್ಗುವುದು. ಈ ತಿದ್ದುಪಾಟಿಗೂ ಒಂದು ಎಲ್ಲೆಯುಂಟು.

ನಾನು ಯಂತ್ರಶಾಸ್ತ್ರಜ್ಞಳಲ್ಲ. ಆದರೂ, ಹಣ ಕೊಡುವ ಮುನ್ನ ಗಾಳಿ ಎಲ್ಲಿಂದ ಒಳಹೋಗುತ್ತಿದೆಯೆಂದು ನೋಡು ಎಂದು ಬರೆದೆನು. ಮುಂಭಾಗದಿಂದ ತಣ್ಣನೆಯ ಗಾಳಿ ತರುವ ಕೊಳವೆ ಕಳಚಿಬಿದ್ದು, ಕಾದ ಯಂತ್ರದ ಪಕ್ಕದ ಗಾಳಿಯನ್ನೇ ಕಾರು ಹೀರುತ್ತಿತ್ತು. ಅವಳೇ ಅದನ್ನು ಕೂಡಿಸಿದಳು. ಬಡಿತ ನಿಂತಿತು, ಮಧ್ಯಾಹ್ನದ ಮಂದತನ ಕೊಂಚ ಉಳಿದಿದೆಯಲ್ಲಾ ಎಂದು ಮತ್ತೆ ಕೇಳಿದಳು. ಮಳೆ ಬಂದು ಗಾಳಿ ತಣಿಯುವವರೆಗೆ ಅದು ಇದ್ದೇ ಇರುವುದೆಂದು ಉತ್ತರ ಬರೆದೆನು.