ಹಳೇ ಕತ್ತಿ ಕೊಳ್ಳುವ ಮುನ್ನ ಮೂರು ಪ್ರಶ್ನೆ



ಹೆಸರು ಮಂಗಳವಾರ ಪೇಟೆ, ಸಂತೆ ಸೇರುವುದು ಮಾತ್ರ ಬುಧವಾರ ಮತ್ತು ಭಾನುವಾರ. ನಮ್ಮ ಪುಣೆಯ ಜುನಾ ಬಾಜಾರಿನ ಗಮ್ಮತ್ತು ಅಲ್ಲಿಂದಲೇ ಶುರು. ನೆಲದ ಮೇಲೆ ಹಾಸಿದ ತಾಡಪತ್ರಿಯಲ್ಲಿ ಹಳೇ ಬೀಗ, ನಾಣ್ಯ, ಹಿತ್ತಾಳೆ ನಲ್ಲಿ, ನಿಂತುಹೋದ ಗಡಿಯಾರ. ಕಣ್ಣು ಚುರುಕಾಗಿದ್ದರೆ ಅವುಗಳ ನಡುವೆ ಕೈಯಿಂದ ಬಡಿದು ಮಾಡಿದ ಒಂದು ಕತ್ತಿ, ಒಂದು ಅಡಕತ್ತರಿ, ಒಂದು ಈಳಿಗೆಮಣೆಯ ಅಲಗು.

ಇಂಥದ್ದಕ್ಕೆ ಈಗ ಗಿರಾಕಿಗಳಿದ್ದಾರೆ. ರಜೆ ಬಂದರೆ ಸಹ್ಯಾದ್ರಿ ಹತ್ತುವ ಹುಡುಗರು ಇದನ್ನು 'ಬುಷ್‌ಕ್ರಾಫ್ಟ್' ಎನ್ನುತ್ತಾರೆ. ಕಾಡಿನಲ್ಲಿ ಸೌದೆ ಸೀಳುವುದು, ಗೂಟ ಚೂಪು ಮಾಡುವುದು, ಬಳ್ಳಿ ಕತ್ತರಿಸುವುದು, ಇವಕ್ಕೆಲ್ಲ ಒಗ್ಗುವ ಕತ್ತಿ ಎಂದರ್ಥ. ಹೆಸರು ಹೊಸದು, ಅಷ್ಟೇ. ಸೊಂಟದ ಕೊಕ್ಕೆಗೆ ಕತ್ತಿ ಸಿಕ್ಕಿಸಿಕೊಂಡು ತೋಟಕ್ಕೆ ಹೋಗುವ ಮಲೆನಾಡಿನ ರೈತ ಮಾಡುತ್ತಾ ಬಂದಿರುವುದೂ ಇದನ್ನೇ. ಸಂಗ್ರಹಕ್ಕಾಗಿ ಕೊಳ್ಳುವವರ ದಾರಿ ಬೇರೆ. ಅವರಿಗೆ ಅಲಗಿಗಿಂತ ಅದರ ಹಿಂದಿನ ಕೈ ಮುಖ್ಯ.

ಹಳೇ ಪುಸ್ತಕವೋ ರೇಡಿಯೋ ಸೆಟ್ಟೋ ಕೊಂಡು ಮೋಸ ಹೋದರೆ ಹೋಗುವುದು ದುಡ್ಡು. ಕತ್ತಿಯ ವ್ಯಾಪಾರದಲ್ಲಿ ಎಡವಿದರೆ ಪೊಲೀಸ್ ಚೌಕಿಗೂ ಹೋಗಬೇಕಾದೀತು. ಆದ್ದರಿಂದ ಜೇಬಿಗೆ ಕೈ ಹಾಕುವ ಮುನ್ನ ಮೂರು ಪ್ರಶ್ನೆ ಕೇಳಿಕೊಳ್ಳಿ.

ಒಂದು: ಯಾವ ಕೆಲಸಕ್ಕೆ ಮಾಡಿದ್ದು?

ನಮ್ಮ ಬಡಗಿಯ ಬಾಯಲ್ಲಿ 'ಹತ್ಯಾರ' ಎಂದರೆ ಉಳಿ, ಬಾಚಿ, ಗರಗಸ. ಇಲ್ಲಿನ ಪೊಲೀಸರ ಪಂಚನಾಮೆಯಲ್ಲಿ 'ಹತ್ಯಾರ' ಎಂದರೆ ಆಯುಧ. ಪದ ಒಂದೇ, ಅರ್ಥ ಎರಡು. ಕಾನೂನು ಗೆರೆ ಎಳೆಯುವುದೂ ಇಲ್ಲೇ. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಬಂದ 2016ರ ನಿಯಮಗಳು 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲ ಅಲಗಿರುವ ಚಾಕು, ಕಠಾರಿ, ಖುಕ್ರಿಗಳನ್ನು ಆಯುಧಗಳ ಪಟ್ಟಿಗೆ ಸೇರಿಸುತ್ತವೆ. ಮನೆಗೆಲಸ, ಬೇಸಾಯ, ವಿಜ್ಞಾನ ಅಥವಾ ಕೈಗಾರಿಕೆಗೆಂದು ಮಾಡಿದ ಅಲಗುಗಳು ಆ ಪಟ್ಟಿಯಲ್ಲಿ ಇಲ್ಲ. ಅಜ್ಜಿಯ ಈಳಿಗೆಮಣೆ ಎಷ್ಟೇ ದೊಡ್ಡದಿರಲಿ, ಅದು ಅಡುಗೆಮನೆಯದೇ. ಕೊಡಗಿನ ಒಡಿಕತ್ತಿಯ ವಿಷಯ ಹಾಗಲ್ಲ. ಅದರ ಅಗಲವನ್ನು ನೋಡಿದರೇ ಸಾಕು, ವಿಚಾರಿಸದೆ ಕೊಳ್ಳಬಾರದೆಂದು ತಿಳಿಯುತ್ತದೆ. ಕೊಡವರಿಗೆ ಕೊಡಗಿನಲ್ಲಿ ಬಂದೂಕಿನ ಲೈಸೆನ್ಸಿನಿಂದ ವಿನಾಯಿತಿ ಇದೆಯೆಂಬ ಮಾತು ಕೇಳಿರುತ್ತೀರಿ. ಆ ವಿನಾಯಿತಿ ಕತ್ತಿಯ ಜೊತೆ ಬಸ್ಸು ಹತ್ತಿ ಪುಣೆಗೆ ಬರುವುದಿಲ್ಲ.

ಆದ್ದರಿಂದ ಸಂತೆಗೆ ಹೊರಡುವಾಗ ಜೇಬಿನಲ್ಲಿ ಒಂದು ಅಳತೆ ಟೇಪು ಇರಲಿ. ಗೆರೆ ದಾಟುವಂತೆ ಕಂಡರೆ ಪೊಲೀಸ್ ಆಯುಕ್ತರ ಕಚೇರಿಯ ಲೈಸೆನ್ಸ್ ವಿಭಾಗದಲ್ಲಿ ಮೊದಲು ಕೇಳಿ, ಆಮೇಲೆ ಕೊಳ್ಳಿ.

ಅಳತೆ ಗೆರೆಯೊಳಗಿದ್ದರೂ ಬೀದಿಯಲ್ಲಿ ಹಿಡಿದು ತಿರುಗುವ ಮಾತು ಬೇರೆ. ಹಬ್ಬ, ಚುನಾವಣೆ, ಮೆರವಣಿಗೆಗಳ ಕಾಲದಲ್ಲಿ ಮಹಾರಾಷ್ಟ್ರ ಪೊಲೀಸ್ ಕಾಯ್ದೆಯ 37ನೇ ಕಲಮಿನಡಿ ಚಾಕು, ಲಾಠಿಗಳನ್ನೂ ಹಿಡಿದು ಓಡಾಡದಂತೆ ಆಜ್ಞೆ ಹೊರಡಿಸುವ ಅಧಿಕಾರವಿದೆ. ಕಬ್ಬು ಕಡಿಯುವ ಬಡ ಕೋಯ್ತಾ 2022-23ರ ಹೊತ್ತಿಗೆ 'ಕೋಯ್ತಾ ಗ್ಯಾಂಗ್' ಎಂದು ಪುಣೆಯ ಪತ್ರಿಕೆಗಳ ತಲೆಬರಹವಾದದ್ದು ನಿಮಗೆ ನೆನಪಿರಬಹುದು. ದುಡಿಯುವವನ ಹತ್ಯಾರ ಪುಂಡನ ಕೈಗೆ ಹೋಗಲು ಹೆಚ್ಚು ಹೊತ್ತು ಬೇಡ. ಕೊಂಡದ್ದನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ, ಹಗ್ಗ ಕಟ್ಟಿ, ಚೀಲದ ತಳಕ್ಕೆ ಹಾಕಿ ನೇರವಾಗಿ ಮನೆಗೆ ಒಯ್ಯಿರಿ. ದಾರಿಯಲ್ಲಿ ಗೆಳೆಯರಿಗೆ ತೋರಿಸುವ ಉತ್ಸಾಹ ಬೇಡ.

ಎರಡು: ಯಾರ ಕೈ?

ಕೈಯಿಂದ ಮಾಡಿದ್ದು ಎಂಬ ಮಾತಿಗೆ ಸಾಕ್ಷಿ ಅಲಗಿನ ಮೇಲೆಯೇ ಇರುತ್ತದೆ. ಬೆಳಕಿಗೆ ಓರೆಯಾಗಿ ಹಿಡಿದರೆ ಸುತ್ತಿಗೆಯ ಏಟಿನ ಸಣ್ಣ ತಗ್ಗುಗಳು ಕಾಣುತ್ತವೆ. ಬೆನ್ನಿನ ದಪ್ಪ ಹಿಡಿಯ ಹತ್ತಿರ ಹೆಚ್ಚು, ತುದಿಗೆ ಹೋದಂತೆ ಕಡಿಮೆ. ಪಕ್ಕದಲ್ಲೇ ಪಡಿಯಚ್ಚಿನಂತೆ ಇನ್ನೂ ಮೂರು ಇದ್ದರೆ ಅದು ಕುಲುಮೆಯ ಮಾಲಲ್ಲ, ಕಾರ್ಖಾನೆಯದು.

ಕಮ್ಮಾರರು ಲಾರಿಯ ಹಳೇ ಸ್ಪ್ರಿಂಗ್ ಪಟ್ಟಿ ತಂದು ಕತ್ತಿ ಮಾಡುವುದು ಸಾಮಾನ್ಯ. ಅದನ್ನು ಕೀಳೆಂದು ತಿಳಿಯಬೇಡಿ, ಅದು ಒಳ್ಳೆಯ ಉಕ್ಕು. ನೋಡಬೇಕಾದ್ದು ಹದ. ಕೆಂಪಗೆ ಕಾಯಿಸಿದ ಅಲಗನ್ನು ನೀರಿನಲ್ಲೋ ಎಣ್ಣೆಯಲ್ಲೋ ಅದ್ದಿ ಗಟ್ಟಿ ಮಾಡುವುದಕ್ಕೆ ಮರಾಠಿಯಲ್ಲಿ 'ಪಾಣಿ ದೇಣೆ' ಎನ್ನುತ್ತಾರೆ. ಮಾರುವವನು ಒಪ್ಪಿದರೆ ಬಾಯಿಯ ಅಂಚಿನಲ್ಲಿ ಅರವನ್ನು ಒಮ್ಮೆ ಹಗುರಾಗಿ ಆಡಿಸಿ. ಅರ ಜಾರಿದರೆ ಹದ ಇದೆ. ಸಲೀಸಾಗಿ ಕಚ್ಚಿದರೆ ಇಲ್ಲ. ಬಾಯಿಯ ಬಳಿ ನೀಲಿ, ನೇರಳೆ ಬಣ್ಣದ ಛಾಯೆ ಕಂಡರೆ ಯಾರೋ ಸಾಣೆ ಯಂತ್ರಕ್ಕೆ ಒತ್ತಿ ಹಿಡಿದು ಕಾಯಿಸಿದ್ದಾರೆ, ಗಟ್ಟಿತನ ಹೋಗಿದೆ ಎಂದು ತಿಳಿಯಿರಿ. ಕೂದಲೆಳೆಯ ಬಿರುಕು ಇದ್ದರೆ ಗೋಡೆಗೆ ನೇತುಹಾಕಬಹುದು, ಕೆಲಸಕ್ಕೆ ಬೇಡ. ಹಿಡಿ ಅಲುಗಿದರೆ ಅದರೊಳಗಿನ ಕಬ್ಬಿಣದ ಬಾಲ ತುಕ್ಕು ತಿಂದಿರಬಹುದು.

'ಡಮಾಸ್ಕಸ್ ಸ್ಟೀಲ್' ಎಂದು ಅಲೆಅಲೆಯ ಗೆರೆ ತೋರಿಸುವವರೂ ಸಿಗುತ್ತಾರೆ. ಗೆರೆ ಅಲಗಿನ ಬೆನ್ನಿನ ಮೇಲೂ ಹಾದುಹೋಗಿದೆಯೇ ನೋಡಿ. ಪಕ್ಕಗಳಲ್ಲಿ ಮಾತ್ರ ಇದ್ದರೆ ಅದು ಮೇಲೆ ಮೂಡಿಸಿದ ಚಿತ್ತಾರ. ಬೆನ್ನಿನ ಮೇಲೂ ಇದ್ದರೆ ಬೇರೆ ಬೇರೆ ಉಕ್ಕಿನ ಪದರ ಬೆಸೆದು ಮಾಡಿದ್ದಿರಬಹುದು, ಅದಕ್ಕೆ ಬೆಲೆ ಇದೆ. ಹಳೆಯ ಡಮಾಸ್ಕಸ್ ಕತ್ತಿಗಳ ಹೆಸರಿನ ಜೊತೆ ಸೇರಿಕೊಂಡಿರುವ 'ವೂಟ್ಜ್' ಉಕ್ಕು ನಮ್ಮ ದಕ್ಷಿಣ ಭಾರತದ್ದು. ಆ ಪದದ ಬೇರು ಕನ್ನಡದ 'ಉಕ್ಕು' ಎಂದು ಪಂಡಿತರು ಹೇಳುತ್ತಾರೆ. ಆದರೆ ಅದು ಮೂಸೆಯಲ್ಲಿ ಕರಗಿಸಿ ಮಾಡಿದ್ದು, ಸಂತೆಯ ಪದರದ ಕತ್ತಿಯೇ ಬೇರೆ. ಎರಡಕ್ಕೂ ಒಂದೇ ಬೆಲೆ ಕೊಡಬೇಡಿ.

ಕಣ್ಣು ಪಳಗಿಸಿಕೊಳ್ಳಲು ಹತ್ತಿರದಲ್ಲೇ ಒಂದು ಶಾಲೆಯಿದೆ, ಶುಕ್ರವಾರ ಪೇಟೆಯ ರಾಜಾ ದಿನಕರ ಕೇಳ್ಕರ್ ಮ್ಯೂಸಿಯಂ. ತೀರಿಹೋದ ಮಗ ರಾಜಾನ ಹೆಸರಿನಲ್ಲಿ ದಿನಕರ ಕೇಳ್ಕರ್ ಅವರು ಕೂಡಿಸಿದ ಸಂಗ್ರಹವಿದು. 1975ರಲ್ಲಿ ಇದನ್ನು ಮಹಾರಾಷ್ಟ್ರ ಸರಕಾರಕ್ಕೆ ಕೊಟ್ಟರು. ಅಲ್ಲಿನ ಅಡಕತ್ತರಿಗಳನ್ನು ಅರ್ಧ ದಿನ ನೋಡಿ ಬಂದವರಿಗೆ ನಕಲಿ ತೋರಿಸುವುದು ಕಷ್ಟ.

ಮೂರು: ಯಾರಿಂದ ಬಂತು?

'ಪೇಶ್ವೆ ಕಾಲದ್ದು ಸಾಹೇಬ್!' ಈ ಮಾತು ಕೇಳಿದ ಕೂಡಲೇ ಲೆಕ್ಕ ಹಾಕಿ. ಪೇಶ್ವೆ ಆಡಳಿತ ಮುಗಿದದ್ದು 1818ರಲ್ಲಿ. 1972ರ ಪ್ರಾಚ್ಯವಸ್ತು ಕಾಯ್ದೆಯಂತೆ 100 ವರ್ಷ ದಾಟಿದ ಕಲೆ, ಕುಶಲತೆಯ ವಸ್ತು ಪ್ರಾಚ್ಯವಸ್ತು. ಅದರ ವ್ಯಾಪಾರಕ್ಕೆ ಲೈಸೆನ್ಸ್ ಬೇಕು, ಖಾಸಗಿಯವರು ಅದನ್ನು ಪರದೇಶಕ್ಕೆ ಕಳಿಸುವಂತಿಲ್ಲ. ಎಂದರೆ ಅವನ ಮಾತು ಸುಳ್ಳಾದರೆ ನಿಮ್ಮ ದುಡ್ಡಿಗೆ ಪೆಟ್ಟು, ನಿಜವಾದರೆ ಕಾನೂನಿನ ತೊಡಕು. ಎರಡರಲ್ಲೂ ನಿಮಗೆ ಲಾಭವಿಲ್ಲ!

ಹಿಡಿಯನ್ನೂ ನೋಡಿ. ಆನೆದಂತ, ಕಡವೆ ಅಥವಾ ಜಿಂಕೆಯ ಕೊಂಬಾಗಿದ್ದರೆ ಅಲ್ಲೇ ಇಟ್ಟು ಬನ್ನಿ. ವನ್ಯಜೀವಿ ಕಾಯ್ದೆ ಅದನ್ನು ಮಾರಲು ಬಿಡುವುದಿಲ್ಲ. ಮರದ ಹಿಡಿ, ಸಾಕಿದ ಎಮ್ಮೆಯ ಕೊಂಬಿನ ಹಿಡಿಗೆ ಈ ಭಯವಿಲ್ಲ.

ಕದ್ದ ಮಾಲೆಂದು ಗೊತ್ತಿದ್ದೋ, ಅನುಮಾನಕ್ಕೆ ಸಾಕಷ್ಟು ಕಾರಣವಿದ್ದೋ ಅಪ್ರಾಮಾಣಿಕವಾಗಿ ಕೊಂಡರೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನಂತೆ ಅಪರಾಧ. ಆದ್ದರಿಂದ ಒಂದು ಚೀಟಿ ಬರೆಸಿಕೊಳ್ಳಿ. ಮಾರಿದವರ ಹೆಸರು, ಫೋನ್ ನಂಬರು, ತಾರೀಖು, ಕೊಟ್ಟ ದುಡ್ಡು, ವಸ್ತುವಿನ ಅಳತೆ, ಜೊತೆಗೊಂದು ಫೋಟೋ. ಚೀಟಿ ಕೊಡಲು ಹಿಂಜರಿಯುವವನ ಹತ್ತಿರ ಎಷ್ಟು ಅಗ್ಗವಾಗಿ ಸಿಕ್ಕರೂ ಬೇಡ.

ಮಾರುವವರಿಗೆ ಎರಡು ಮಾತು

ಊರಿನ ಮನೆ ಖಾಲಿ ಮಾಡುವಾಗ ಅಟ್ಟದಿಂದ ಇಳಿದ ಕತ್ತಿಯನ್ನು ಮಾರಬೇಕೆಂದಿದ್ದೀರಾ? ಮೊದಲ ಕೆಲಸ, ಅದನ್ನು ಸಾಣೆಯವನಿಗೆ ಕೊಟ್ಟು ಫಳಫಳ ಹೊಳೆಸದಿರುವುದು. ಹೊಳಪಿನ ಜೊತೆ ಸುತ್ತಿಗೆಯ ಗುರುತು, ಕಮ್ಮಾರನ ಮುದ್ರೆ, ವರ್ಷಗಳ ಕಪ್ಪು ಎಲ್ಲ ಹೋಗುತ್ತದೆ. ಸಂಗ್ರಹಕಾರ ದುಡ್ಡು ಕೊಡುವುದು ಅದಕ್ಕೇ. ಕೆಂಪು ತುಕ್ಕನ್ನು ಎಣ್ಣೆಬಟ್ಟೆಯಿಂದ ಒರೆಸಿದರೆ ಸಾಕು. ಬಿರುಕು, ಬದಲಾಯಿಸಿದ ಹಿಡಿ, ಇವನ್ನು ನೀವೇ ಮುಂಚೆ ಹೇಳಿ. ಕೊಳ್ಳುವವರ ಗುರುತು ಬರೆದಿಟ್ಟುಕೊಳ್ಳಿ. ಹದಿಹರೆಯದ ಹುಡುಗರು ಕೇಳಿದರೆ ತಂದೆಯನ್ನೋ ತಾಯಿಯನ್ನೋ ಕರೆತರಲು ಹೇಳಿ.

ಕತ್ತಿಯನ್ನು ಯಾವ ಊರಿನಲ್ಲಿ ಮಾಡಿಸಿದ್ದು, ಯಾವ ಕಮ್ಮಾರ ಬಡಿದದ್ದು, ಮನೆಯಲ್ಲಿ ಯಾವ ಕೆಲಸಕ್ಕೆ ಬಳಸುತ್ತಿದ್ದರು ಎಂಬುದನ್ನೂ ನಾಲ್ಕು ಸಾಲು ಬರೆದು ಜೊತೆಗಿಡಿ. ಮನೆಯಲ್ಲಿ ಹಿರಿಯರಿದ್ದರೆ ಇವತ್ತೇ ಕೇಳಿ. ಅಲಗು ಇನ್ನೂ ಐವತ್ತು ವರ್ಷ ಬಾಳೀತು, ಹೇಳುವವರು ಅಷ್ಟು ದಿನ ಇರುವುದಿಲ್ಲ. ಆ ನಾಲ್ಕು ಸಾಲಿಲ್ಲದಿದ್ದರೆ ಒಳ್ಳೆಯ ಕಮ್ಮಾರನೊಬ್ಬನ ಕೆಲಸವೂ ತಾಡಪತ್ರಿಯ ಮೇಲೆ ತೂಕದ ಲೆಕ್ಕದಲ್ಲಿ ಹೋಗುವ ಬರೀ ಕಬ್ಬಿಣ.