ಕಂಪ್ಯೂಟರಿನ ಗಲ್ಲಿಗಳಲ್ಲಿ ಹುಡುಕುವುದು ಹೇಗೆ?

ಬೇಸಿಗೆ ರಜೆಯಲ್ಲಿ ನಾನು ಬೆಂಗಳೂರಿನ ಹಲಸೂರಿನಲ್ಲಿರುವ ಚಿಕ್ಕಪ್ಪನ ಮನೆಗೆ ಹೋಗಿದ್ದೆ. ಕೆರೆ ನೋಡಿದೆ, ಸೋಮೇಶ್ವರ ದೇವಸ್ಥಾನ ನೋಡಿದೆ, ಮೆಟ್ರೋದಲ್ಲಿ ಕೆ.ಆರ್. ಪುರದವರೆಗೆ ಸುಮ್ಮನೆ ಹೋಗಿ ಬಂದೆ. ಅದನ್ನೆಲ್ಲ ಇಲ್ಲಿ ಬರೆಯುವುದಿಲ್ಲ, ಹೋದ ಸಂಚಿಕೆಯಲ್ಲೇ ಪ್ರವಾಸದ ಲೇಖನ ಮೂರು ಬಂದಿದ್ದವು. ನಾನು ಬರೆಯುತ್ತಿರುವುದು ಅಕ್ಕನ ಹಳೇ ಕಂಪ್ಯೂಟರಿನೊಳಗೆ ಮಾಡಿದ ಓಡಾಟದ ಬಗ್ಗೆ.

ನಮ್ಮ ಅಜ್ಜಿ ಹೋದ ವರ್ಷ ತೀರಿಕೊಂಡಳು. ಅವಳ ಹಾಗೆ ಸೋಬಾನೆ ಪದ ಹೇಳುವವರು ನಮ್ಮ ಬೀದಿಯಲ್ಲಿ ಇನ್ನೊಬ್ಬರಿರಲಿಲ್ಲ. ಚಿಕ್ಕಪ್ಪನ ಮಗಳು, ಅಂದರೆ ಇಂಜಿನಿಯರಿಂಗ್ ಓದುತ್ತಿರುವ ನಮ್ಮಕ್ಕ, ಒಂದು ಮದುವೆಯಲ್ಲಿ ಅದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದಳು. ಆ ಫೋನು ಕೆಟ್ಟುಹೋಯಿತು. ಕಂಪ್ಯೂಟರಿಗೆ ಹಾಕಿದ್ದೇನೋ ನೆನಪಿದೆ, ಯಾವ ಫೋಲ್ಡರು ಅಂತ ನೆನಪಿಲ್ಲ.

"ಹೆಸರು ಹೊಡೆದು ಹುಡುಕಿದ್ರೆ ಸಿಗಲ್ವಾ ಅಕ್ಕ?" ಅಂದೆ.

"ಹೆಸರು ಗೊತ್ತಿದ್ರೆ ತಾನೇ? ಫೋನು ಬರೀ ನಂಬರ್ ಹಾಕಿರುತ್ತೆ ಕಣೋ. ಬಾ, ಸಿ ಭಾಷೇಲಿ ಪ್ರೋಗ್ರಾಮ್ ಬರೆಯೋಣ. ನೀನೂ ಕಲಿತ ಹಾಗಾಯ್ತು."

ಕಂಪ್ಯೂಟರಿನಲ್ಲಿ ಫೋಲ್ಡರಿನೊಳಗೆ ಫೋಲ್ಡರು, ಅದರೊಳಗೆ ಮತ್ತೊಂದು ಇರುತ್ತವೆ. ಇದಕ್ಕೆ ಡೈರೆಕ್ಟರಿ ಮರ ಅನ್ನುತ್ತಾರೆ. ಅಕ್ಕ ಇಂದಿರಾನಗರದ ವಿಳಾಸ ತೋರಿಸಿ ಅರ್ಥ ಮಾಡಿಸಿದಳು. ಮೊದಲು ಸ್ಟೇಜು, ಅದರೊಳಗೆ ಮೇನು, ಅದರೊಳಗೆ ಕ್ರಾಸು, ಕೊನೆಗೆ ಮನೆ. ಎಷ್ಟು ಹಂತ ಇದೆಯೋ ಮೊದಲೇ ಗೊತ್ತಿಲ್ಲದಿದ್ದರೆ ಹುಡುಕುವುದು ಹೇಗೆ? ಚಿಕ್ಕಪ್ಪ ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ಸ್ಕೂಟರಿನ ಕನ್ನಡಿ ಹುಡುಕಿದ ಹಾಗೆ. ಗಲ್ಲಿಗೆ ನುಗ್ಗು. ಒಳಗೆ ಇನ್ನೊಂದು ಗಲ್ಲಿ ಕವಲೊಡೆದರೆ ಮೊದಲು ಅದನ್ನು ಪೂರ್ತಿ ಮುಗಿಸು, ತಿರುಗಿ ಅದೇ ಮೂಲೆಗೆ ಬಾ, ಬಿಟ್ಟಲ್ಲಿಂದ ಮುಂದುವರಿಸು. ಗಲ್ಲಿಯೊಳಗಿನ ಗಲ್ಲಿಗೂ ಇದೇ ನಿಯಮ. ಪ್ರೋಗ್ರಾಮಿನಲ್ಲಿ ಒಂದು ಫಂಕ್ಷನ್ ತನ್ನನ್ನು ತಾನೇ ಕರೆಯುತ್ತದೆ, ಇದಕ್ಕೆ ರಿಕರ್ಷನ್ ಎಂದು ಹೆಸರು. ಪ್ರತಿ ಸಲ ಕರೆದಾಗಲೂ ಬಿಟ್ಟ ಜಾಗದ ಗುರುತು ಬೇರೆಯಾಗಿ ಉಳಿದಿರುತ್ತದೆ. ಹಾಗಾಗಿ ವಾಪಸು ಬರುವಾಗ ದಾರಿ ತಪ್ಪುವುದಿಲ್ಲ.

ಸಿ ಭಾಷೆಯನ್ನು ಡೆನ್ನಿಸ್ ರಿಚಿ 1972ರ ಹೊತ್ತಿಗೆ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ರೂಪಿಸಿದರು. ಆದರೆ ಆ ಭಾಷೆಯ ಪ್ರಮಾಣಿತ ರೂಪದಲ್ಲಿ ಫೋಲ್ಡರು ತೆರೆಯುವ ಫಂಕ್ಷನ್ನೇ ಇಲ್ಲ! ಅದು ಪೋಸಿಕ್ಸ್ ಎಂಬ 1988ರ ಬೇರೆ ನಿಯಮಾವಳಿಯಿಂದ ಬಂದದ್ದು. ಓಪನ್‌ಡಿರ್ ಬಾಗಿಲು ತೆಗೆಯುತ್ತದೆ, ರೀಡ್‌ಡಿರ್ ಒಳಗಿರುವ ಹೆಸರುಗಳನ್ನು ಒಂದೊಂದಾಗಿ ಕೊಡುತ್ತದೆ, ಕ್ಲೋಸ್‌ಡಿರ್ ಬಾಗಿಲು ಹಾಕುತ್ತದೆ. ಆದರೆ ರೀಡ್‌ಡಿರ್ ಬರೀ ಹೆಸರು ಕೊಡುತ್ತದೆ, ಪೂರ್ತಿ ವಿಳಾಸ ಕೊಡುವುದಿಲ್ಲ. "3ನೇ ಕ್ರಾಸ್" ಅಂತ ಮಾತ್ರ ಬರೆದರೆ ಕಾಗದ ಹಲಸೂರಿಗೆ ಹೋಗಬೇಕೋ ಇಂದಿರಾನಗರಕ್ಕೋ? ಅದಕ್ಕೆ ತಾಯಿ ಫೋಲ್ಡರಿನ ದಾರಿ, ಒಂದು ಓರೆಗೆರೆ, ಆಮೇಲೆ ಹೆಸರು, ಹೀಗೆ ನಾವೇ ಜೋಡಿಸಬೇಕು.

ಮೊದಲ ಸಲ ಓಡಿಸಿದಾಗ ಪರದೆ ತುಂಬಾ ಚುಕ್ಕಿ, ಗೆರೆ, ಚುಕ್ಕಿ, ಗೆರೆ! ನಿಲ್ಲುವುದೇ ಇಲ್ಲ. ನಾನು ಕಂಪ್ಯೂಟರ್ ಕೆಡಿಸಿಬಿಟ್ಟೆ ಅಂತ ಬೆವತುಹೋದೆ. ಅಕ್ಕ ಕಂಟ್ರೋಲ್ ಸಿ ಒತ್ತಿ ನಿಲ್ಲಿಸಿ ನಕ್ಕಳು. ಪ್ರತಿ ಫೋಲ್ಡರಿನಲ್ಲೂ ಎರಡು ವಿಶೇಷ ಹೆಸರುಗಳಿರುತ್ತವೆ. ಒಂದು ಚುಕ್ಕಿ ಅಂದರೆ "ನಾನೇ", ಎರಡು ಚುಕ್ಕಿ ಅಂದರೆ "ನನ್ನ ತಾಯಿ". ಅವನ್ನು ಬಿಟ್ಟು ಮುಂದೆ ಹೋಗು ಅಂತ ಹೇಳದಿದ್ದರೆ ಪ್ರೋಗ್ರಾಮು ತನ್ನೊಳಗೆ ತಾನೇ ಹೋಗುತ್ತಾ ಇರುತ್ತದೆ. ಕರ್ನಿಗನ್ ಮತ್ತು ರಿಚಿಯವರ ಪುಸ್ತಕದ 1988ರ ಎರಡನೇ ಆವೃತ್ತಿಯಲ್ಲಿ ಇಂಥದೇ ಪ್ರೋಗ್ರಾಮ್ ಇದೆ, ಈ ಎಚ್ಚರಿಕೆಯೂ ಇದೆ. ನಾನೇ ಗಮನಿಸಿರಲಿಲ್ಲ.

ಇನ್ನೊಂದು ಮೋಸ ಲಿಂಕುಗಳದ್ದು. ಹಳೇ ಮದ್ರಾಸು ರಸ್ತೆಯಲ್ಲಿ ಕೆ.ಆರ್. ಪುರಕ್ಕೆ ಬಾಣದ ಗುರುತು ಹಾಕಿರುವ ಬೋರ್ಡೇ ಕೆ.ಆರ್. ಪುರ ಅಲ್ಲವಲ್ಲ? ಸ್ಟ್ಯಾಟ್ ಎಂಬ ಫಂಕ್ಷನ್ ಬಾಣ ತೋರಿಸಿದ ಕಡೆಗೆ ಹೋಗಿ ನೋಡುತ್ತದೆ. ಎಲ್‌ಸ್ಟ್ಯಾಟ್ ಬೋರ್ಡನ್ನೇ ನೋಡಿ "ಇದು ಬೋರ್ಡು" ಅನ್ನುತ್ತದೆ. ಬಾಣ ಹಿಂದಕ್ಕೆ ತಿರುಗಿದ್ದರೆ ಸುತ್ತಿದ್ದೇ ಸುತ್ತಬೇಕಾಗುತ್ತದೆ, ಅದಕ್ಕೆ ಎಲ್‌ಸ್ಟ್ಯಾಟ್ ವಾಸಿ.

ಇಷ್ಟು ಸರಿ ಮಾಡಿದ ಮೇಲೆ 214 ಧ್ವನಿ ಫೈಲುಗಳ ಪಟ್ಟಿ ಬಂತು. ಎರಡು ಸಂಜೆ ಕೂತು ಕೇಳಿದೆವು. ಅಜ್ಜಿ ಇಲ್ಲ. ಅಕ್ಕನ ಮುಖ ಸಣ್ಣಗಾಯಿತು. "ಅಳಿಸಿಹೋಗಿರಬೇಕು ಕಣೋ, ಬಿಡು" ಅಂದಳು.

ರಾತ್ರಿ ನನಗೆ ನಿದ್ದೆ ಬರಲಿಲ್ಲ. ಎದ್ದು ಮತ್ತೆ ಪ್ರೋಗ್ರಾಮ್ ನೋಡಿದೆ. ತಪ್ಪು ನನ್ನದೇ. ದಾರಿ ಬರೆದುಕೊಳ್ಳಲು ನಾನು ಬರೀ 100 ಬೈಟ್ ಜಾಗ ಇಟ್ಟಿದ್ದೆ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡಕ್ಕೆ ಯುಟಿಎಫ್-8 ಪದ್ಧತಿಯಲ್ಲಿ ಪ್ರತಿ ಚಿಹ್ನೆಗೂ ಮೂರು ಬೈಟ್ ಬೇಕು. ಇಳಿ, ಕೊಂಬು, ಒತ್ತು ಎಲ್ಲಕ್ಕೂ ಪ್ರತ್ಯೇಕ ಲೆಕ್ಕ. "ಕನ್ನಡ" ಅನ್ನುವ ಮೂರಕ್ಷರಕ್ಕೇ 15 ಬೈಟ್! ಅಕ್ಕನ ಒಂದು ಫೋಲ್ಡರಿನ ಹೆಸರು "ಊರಿನ ಮದುವೆ ಫೋಟೋಗಳು". ಕಣ್ಣಿಗೆ ಹತ್ತಕ್ಷರ, ಕಂಪ್ಯೂಟರಿಗೆ 50 ಬೈಟ್. ಮುಂದಿನ ದಾರಿಯೂ ಸೇರಿ ನೂರು ಮೀರಿ ವಿಳಾಸ ತುಂಡಾಗಿತ್ತು. ತುಂಡು ವಿಳಾಸದ ಬಾಗಿಲು ತೆರೆಯಲಿಲ್ಲ. ತೆರೆಯದಿದ್ದರೆ ಸುಮ್ಮನೆ ವಾಪಸು ಬಾ ಅಂತ ನಾನೇ ಬರೆದಿದ್ದೆ, ಅದು ಸುಮ್ಮನೆ ಬಂದಿತ್ತು.

ಜಾಗವನ್ನು 4096 ಮಾಡಿದೆ. ಬಾಗಿಲು ತೆರೆಯದಿದ್ದರೆ ಕಾರಣ ತೋರಿಸು ಅಂತ ಒಂದು ಸಾಲು ಸೇರಿಸಿದೆ. ಈ ಸಲ 231 ಬಂತು. ಹೊಸ 17ರಲ್ಲಿ ಒಂಬತ್ತನೆಯದು ಅಜ್ಜಿಯದು. ಮೂರು ನಿಮಿಷ ಚಿಲ್ಲರೆ ಇದೆ. ಹಿಂದೆ ಪಾತ್ರೆಗಳ ಸದ್ದು, ನಡುವೆ ಒಂದು ಕೆಮ್ಮು. ಕೊನೆಗೆ ಅಜ್ಜಿ "ಆಯ್ತೇನೇ? ನಿಲ್ಸು ಮತ್ತೆ" ಅನ್ನುತ್ತಾಳೆ.

ಪೂರ್ತಿ ಪ್ರೋಗ್ರಾಮನ್ನು ಬೇರೆ ಹಾಳೆಯಲ್ಲಿ ಬರೆದು ಪಕ್ಕದಲ್ಲಿ ಅಂಟಿಸಿದ್ದೇನೆ.

— 9ನೇ ತರಗತಿ